ನಾಣ್ಯ ಅಸಲಿ, ಇಸವಿ ನಕಲಿ: ತಿದ್ದಿದ ನಾಣ್ಯವನ್ನು ಗುರುತಿಸುವುದು ಹೇಗೆ

ಹಳೆ ನಾಣ್ಯ ಸಂಗ್ರಹದ ಹುಚ್ಚು ಹೊಸದಾಗಿ ಹತ್ತಿದವರಿಗೆ ಮೊದಲ ಭಯ ನಕಲಿ ನಾಣ್ಯದ್ದು. ಸಹಜವೇ. ಆದರೆ ಈ ಹವ್ಯಾಸದಲ್ಲೇ ಕೂದಲು ಬೆಳ್ಳಗಾದವರನ್ನು ಕೇಳಿ ನೋಡಿ, ಅವರ ನಿದ್ದೆಗೆಡಿಸುವುದು ತಿದ್ದಿದ ನಾಣ್ಯ. ಟಂಕಸಾಲೆಯಲ್ಲೇ ಹುಟ್ಟಿದ ನಾಣ್ಯ ಅದು. ಬೆಳ್ಳಿ ಸರಿ ಇದೆ, ತೂಕ ಸರಿ ಇದೆ, ರಾಜನ ಮುಖ ಸರಿ ಇದೆ. ಆಮೇಲೆ ಯಾರೋ ಒಂದು ಸಣ್ಣ ಜಾಗದಲ್ಲಿ ಕೈಯಾಡಿಸಿದ್ದಾರೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿಜ, ಒಂದು ಪಾಲು ಸುಳ್ಳು. ಅಷ್ಟೂ ದುಡ್ಡು ಇರುವುದು ಆ ಒಂದು ಪಾಲಿನಲ್ಲೇ.

ಆರನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯನ್ನೇ ತಗೊಳ್ಳಿ. 1938ರದ್ದು ಹುಡುಕಿದರೆ ಸಿಗುತ್ತದೆ. 1939ರದ್ದು ಹಾಗಲ್ಲ. ಬಾಂಬೆ ಟಂಕಸಾಲೆಯ ಆ ವರ್ಷದ ರೂಪಾಯಿ ಜನರ ಕೈಗೆ ಬಂದಿದ್ದೇ ತೀರಾ ಕಡಿಮೆ, ಬ್ರಿಟಿಷ್ ಇಂಡಿಯಾದ ರೂಪಾಯಿಗಳಲ್ಲಿ ಸಂಗ್ರಾಹಕರು ಅತಿ ಹೆಚ್ಚು ಹುಡುಕುವ ಇಸವಿಗಳಲ್ಲಿ ಅದೂ ಒಂದು. ಮರುವರ್ಷ, ಅಂದರೆ 1940ರಲ್ಲಿ, ಯುದ್ಧದ ಕಾಲದ ಬೆಳ್ಳಿ ಅಭಾವಕ್ಕೆ ರೂಪಾಯಿಯಲ್ಲಿನ ಬೆಳ್ಳಿಯನ್ನು ಶೇಕಡಾ 91.7ರಿಂದ 50ಕ್ಕೆ ಇಳಿಸಿದರು. ಹಾಗಾಗಿ 1939ರದ್ದು ಹಳೆಯ ಒಳ್ಳೆ ಬೆಳ್ಳಿಯ ಕೊನೆಯ ರೂಪಾಯಿಯೂ ಹೌದು. 1938 ಮತ್ತು 1939ರ ನಡುವೆ ಇರುವ ವ್ಯತ್ಯಾಸ ಒಂದೇ ಅಂಕಿ. ಬೆಲೆಯ ವ್ಯತ್ಯಾಸ ಮಾತ್ರ ಹತ್ತಾರು ಪಟ್ಟು. ಇಂಥ ಕಡೆ ಕೊರೆಯುವ ಸಣ್ಣ ಉಳಿ ಹಿಡಿದವನಿಗೆ ಆಸೆ ಹುಟ್ಟದೆ ಇರುತ್ತದಾ? 8ರ ಹೊಟ್ಟೆಯ ಎಡಭಾಗವನ್ನು ಚೂರು ಕೆರೆದು ತೆಗೆದರೆ 9 ಆಗಿಬಿಡುತ್ತದೆ.

ಇಂಥ ನಾಣ್ಯದ ಮುಂದೆ ನಾವು ಕಲಿತಿರುವ ಮಾಮೂಲಿ ಪರೀಕ್ಷೆಗಳೆಲ್ಲ ಕೈಕೊಡುತ್ತವೆ. ತೂಕ ಹಾಕಿ, 11.66 ಗ್ರಾಂ, ಸರಿಯಾಗಿ ಒಂದು ತೊಲ, ಕೆರೆದು ತೆಗೆದ ಚೂರು ತಕ್ಕಡಿಗೆ ಗೊತ್ತೇ ಆಗುವುದಿಲ್ಲ. ಆಯಸ್ಕಾಂತ ಹಿಡಿಯಿರಿ, ಅಂಟುವುದಿಲ್ಲ. ಬೆರಳ ತುದಿಯಲ್ಲಿಟ್ಟು ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ, ಬೆಳ್ಳಿಯ ನಾದ ಉದ್ದಕ್ಕೆ ಬರುತ್ತದೆ. ನೀರಿನ ಪರೀಕ್ಷೆಯೂ ಅಷ್ಟೇ. ಇದನ್ನು ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೂರ್ತಿ ನಕಲಿ ಹಿಡಿಯಲು ಇದಕ್ಕಿಂತ ಅಗ್ಗದ, ಒಳ್ಳೆಯ ದಾರಿ ಇಲ್ಲ. ಚಿನ್ನಬೆಳ್ಳಿ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿದುಕೊಳ್ಳಿ. ತಕ್ಕಡಿ ಈಗ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ. 1938ರ ಒಳ್ಳೆ ರೂಪಾಯಿಗೆ ತಕ್ಕಡಿ 1.13 ಗ್ರಾಂ ಆಸುಪಾಸು ತೋರಿಸಬೇಕು, ಭಾಗಿಸಿದರೆ 10.3. ಅರ್ಧ ಬೆಳ್ಳಿಯ 1940ರ ನಂತರದ ರೂಪಾಯಿಗೆ ಅದು 9.5ರ ಹತ್ತಿರ ಇಳಿಯುತ್ತದೆ. ಸೀಸ, ಹಿತ್ತಾಳೆ, ತವರ ಬೆರೆಸಿ ಎರಕ ಹೊಯ್ದ ನಕಲಿಗಳು ತೂಕ ಸರಿ ತಂದರೂ ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಬಿದ್ದುಹೋಗುತ್ತವೆ. ಆದರೆ ಇಸವಿ ತಿದ್ದಿದ 1938, ಇದರಲ್ಲೂ ಪಾಸು.

ಹಾಗಾಗಿ ತಿದ್ದಿದ ನಾಣ್ಯದ ಹತ್ತಿರ ಕೇಳಬೇಕಾದ ಪ್ರಶ್ನೆಯೇ ಬೇರೆ. ತಿದ್ದಿದವನು ಈ ಕೆಲಸ ಮಾಡಲು ಏನನ್ನು ಮುಟ್ಟಲೇಬೇಕಾಗಿತ್ತು? ಏನನ್ನು ಮುಟ್ಟುವುದು ಅವನಿಗೆ ಸಾಧ್ಯವೇ ಇರಲಿಲ್ಲ? ಈ ಎರಡು ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

1939ಕ್ಕೇ ವಾಪಸ್ ಬರೋಣ. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ತಗೊಳ್ಳಿ, ಟೇಬಲ್ ಲ್ಯಾಂಪನ್ನು ಓರೆಯಾಗಿಡಿ. ಈ ಇಸವಿಯಲ್ಲಿ ಎರಡು 9 ಇದೆ ನೋಡಿ. ಎರಡನೇ ಅಂಕಿಯ 9 ಟಂಕಸಾಲೆಯದು, ಅದನ್ನು ಯಾರೂ ಮುಟ್ಟಿರುವುದಿಲ್ಲ. ಕೊನೆಯ 9 ಅದರ ಅಣ್ಣತಮ್ಮನ ಹಾಗೆ ಕಾಣಬೇಕು. 8ರಿಂದ ಹುಟ್ಟಿದ 9ರಲ್ಲಿ ಮೇಲಿನ ಸುತ್ತು ಚಿಕ್ಕದಾಗಿ, ಕೆಳಗಿನ ಬಾಲ ದುಂಡಗೆ ಉಬ್ಬಿಕೊಂಡು ನಿಂತಿರುತ್ತದೆ, ಯಾಕೆಂದರೆ 8ಕ್ಕೆ ಸಾಮಾನ್ಯವಾಗಿ ತಲೆ ಚಿಕ್ಕದು, ಹೊಟ್ಟೆ ದೊಡ್ಡದು. 9ಕ್ಕೆ ತಲೆಯೇ ದೊಡ್ಡದು. ತಲೆಯನ್ನು ದೊಡ್ಡದು ಮಾಡಲು ಲೋಹ ಸೇರಿಸಬೇಕು, ಕೆರೆಯುವವನಿಗೆ ಅದು ಆಗುವ ಕೆಲಸವಲ್ಲ. ಆಮೇಲೆ ಬಾಲದ ಎಡಪಕ್ಕ, ಲೋಹ ತೆಗೆದ ಜಾಗವನ್ನು ನೋಡಿ. ಅಲ್ಲಿ ಸಣ್ಣ ಗೀರುಗಳಿರುತ್ತವೆ, ಅಥವಾ ಗೀರು ಕಾಣದಿರಲೆಂದು ಉಜ್ಜಿ ನುಣುಪು ಮಾಡಿದ ಒಂದು ಸಣ್ಣ ತಗ್ಗು. ಸುತ್ತಲಿನ ಜಾಗಕ್ಕೆ ಹಳೆಯ ಬೂದು ಬಣ್ಣ ಕೂತಿದ್ದರೆ ಇಲ್ಲಿ ಮಾತ್ರ ಬೆಳ್ಳಿ ಹೊಸದಾಗಿ ಬೆಳ್ಳಗಿರುತ್ತದೆ. ಇಡೀ ನಾಣ್ಯಕ್ಕೆ ಕೃತಕವಾಗಿ ಬಣ್ಣ ಕಟ್ಟಿದ್ದರೆ ಅದೇ ಇನ್ನೊಂದು ಅನುಮಾನ. ಇಷ್ಟು ನೋಡಿಯೂ ನಿರ್ಧಾರಕ್ಕೆ ಬರಲು ಆಗದಿದ್ದರೆ, ಒಳ್ಳೆ ಹರಾಜು ಸಂಸ್ಥೆಯ ಹಳೇ ಕ್ಯಾಟಲಾಗ್‌ನಲ್ಲಿರುವ ಅಸಲಿ 1939ರ ದೊಡ್ಡ ಫೋಟೋ ಪಕ್ಕದಲ್ಲಿಟ್ಟುಕೊಂಡು ಅಂಕಿಗಳು ಕೂತ ಜಾಗ, ಅವುಗಳ ನಡುವಿನ ಅಂತರ ಹೋಲಿಸಿ.

1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ದೊರೆಯ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಮೊದಲ ವರ್ಷದ ಅಚ್ಚಿನಲ್ಲಿ ಆ ಆನೆಯ ಸೊಂಡಿಲು ಎಷ್ಟು ಮೋಟಾಗಿತ್ತು ಎಂದರೆ ಜನರಿಗೆ ಅದು ಹಂದಿಯಂತೆ ಕಂಡಿತು, ಗಲಾಟೆಯಾಯಿತು, ಸರ್ಕಾರ ಆ ನಾಣ್ಯ ಬಿಡುವುದನ್ನು ನಿಲ್ಲಿಸಿ ಉಳಿದಿದ್ದನ್ನು ಕರಗಿಸಿತು. 1912ರಿಂದ ಸೊಂಡಿಲು ಸರಿಪಡಿಸಿದ ಹೊಸ ಅಚ್ಚು ಬಂತು. ಸಂಗ್ರಾಹಕರು 1911ರದ್ದನ್ನು ಈಗಲೂ 'ಪಿಗ್ ರೂಪಾಯಿ' ಅನ್ನುತ್ತಾರೆ, ಬೆಲೆಯೂ ಜಾಸ್ತಿ. ಈಗ ಯಾರಾದರೂ 1912ರ 2ನ್ನೋ 1917ರ 7ನ್ನೋ ಕೆರೆದು 1 ಮಾಡಿದರು ಅನ್ನಿ. ಇಸವಿ ಇರುವುದು ಹಿಂಬದಿಯಲ್ಲಿ. ಆನೆ ಇರುವುದು ಮುಂಬದಿಯಲ್ಲಿ. ಆ ಕಡ್ಡಿಯಷ್ಟು ಸಣ್ಣ ಆನೆಯ ಸೊಂಡಿಲನ್ನು ಮೋಟು ಮಾಡಿ, ಕಿವಿ ಕಾಲು ಎಲ್ಲ ಹಳೇ ಅಚ್ಚಿನ ಹಾಗೆ ತರುವುದು ಎಂಥ ಕೈಚಳಕದವನಿಗೂ ಕಷ್ಟ. ಹಿಂಬದಿ 1911 ಅನ್ನುತ್ತದೆ, ಮುಂಬದಿ ಆನೆ ನಾನು 1912ರ ನಂತರದ್ದು ಅನ್ನುತ್ತದೆ. ಆನೆಯ ಮಾತನ್ನೇ ನಂಬಿ.

ನಮ್ಮ ಸ್ವತಂತ್ರ ಭಾರತದ ನಾಣ್ಯಗಳಲ್ಲಿ ಇದೇ ಆಟ ಮಿಂಟ್ ಮಾರ್ಕ್, ಅಂದರೆ ಟಂಕಸಾಲೆಯ ಗುರುತಿನ ಮೇಲೆ ನಡೆಯುತ್ತದೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಕೆಲವು ವರ್ಷ ಒಂದು ಟಂಕಸಾಲೆಯದು ಸುಲಭ, ಇನ್ನೊಂದರದು ಕಷ್ಟ. ಕೋಲ್ಕತ್ತಾದ್ದು ಅಪರೂಪವಾದ ಇಸವಿಯಲ್ಲಿ ಗುರುತನ್ನು ಕೆರೆದು ಹಾಕಿಬಿಟ್ಟರೆ ಆಯಿತಲ್ಲ! ಗುರುತು ಇರಬೇಕಾದ ಜಾಗವನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಅಲ್ಲಿ ಮಾತ್ರ ಹೊಳಪು ಸತ್ತಿರುತ್ತದೆ. ಇಲ್ಲದ ಗುರುತನ್ನು ಅಂಟಿಸುವವರೂ ಇದ್ದಾರೆ. ಅಮೆರಿಕದಲ್ಲಿ ಇದು ಹಳೇ ರೋಗ. 1916ರಲ್ಲಿ ಡೆನ್ವರ್ ಟಂಕಸಾಲೆ ಹೊಸ ನಮೂನೆಯ ಡೈಮ್ (10 ಸೆಂಟ್) ನಾಣ್ಯ ಅಚ್ಚು ಹಾಕಿದ್ದು 2,64,000 ಮಾತ್ರ, ಅದಕ್ಕೇ ಬೇರೆ ಟಂಕಸಾಲೆಯ 1916ರ ಡೈಮ್‌ಗಳಿಗೆ 'ಡಿ' ಅಕ್ಷರ ಅಂಟಿಸಿ ಮಾರಿದ್ದು ಲೆಕ್ಕವಿಲ್ಲದಷ್ಟು ಸಿಕ್ಕಿವೆ. ಅಚ್ಚಿನಿಂದ ಎದ್ದ ಗುರುತಿನ ಬುಡ ನೆಲದಲ್ಲಿ ಬೆರೆತಿರುತ್ತದೆ. ಅಂಟಿಸಿದ್ದರ ಬುಡದ ಸುತ್ತ ಕೂದಲೆಳೆಯ ಗೆರೆ ಇರುತ್ತದೆ.

ಇನ್ನು ನಮ್ಮ ಕಡೆಯದೇ ಆದ ಒಂದು ತಿದ್ದುಪಡಿ ಇದೆ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಲ್ಲಿ ನಾಣ್ಯ ಎಂದರೆ ಒಡವೆಯೂ ಹೌದು. ಕಾಸಿನ ಸರ ಇದೆ, ಲಂಬಾಣಿ ಹೆಣ್ಣುಮಕ್ಕಳ ಕೊರಳಲ್ಲಿ ಬೆಳ್ಳಿ ನಾಣ್ಯದ ಸರ ಇದೆ, ಮಗುವಿನ ಉಡಿದಾರಕ್ಕೆ ವಿಕ್ಟೋರಿಯಾ ರಾಣಿಯ ರೂಪಾಯಿ ಕಟ್ಟಿದ ಮನೆಗಳಿವೆ. ಹೀಗೆ ಕಟ್ಟಬೇಕಾದರೆ ಅಕ್ಕಸಾಲಿಗರ ಹತ್ತಿರ ಕೊಂಡಿ ಬೆಸೆಸುತ್ತಿದ್ದರು, ಇಲ್ಲವೇ ತೂತು ಹಾಕಿಸುತ್ತಿದ್ದರು. ಮುಂದೆ ಆ ಸರ ಬಿಚ್ಚಿ ಮಾರಾಟಕ್ಕೆ ಬಂದಾಗ ಕೊಂಡಿ ತೆಗೆದು, ಅಂಚನ್ನು ಅರದಿಂದ ತೀಡಿ, ನಾಣ್ಯವನ್ನು ಮೊದಲಿದ್ದ ಹಾಗೆ ಕಾಣಿಸಲು ನೋಡುತ್ತಾರೆ. ಇದು ಸಿಕ್ಕಿಬೀಳುವುದು ಅಂಚಿನಲ್ಲಿ. ದೊರೆಯ ತಲೆಯ ನೇರ ಮೇಲೆ, ಗಡಿಯಾರದಲ್ಲಿ 12 ಇರುವ ಜಾಗದಲ್ಲಿ, ಅಂಚಿನ ಗೀರುಗಳ ಮೇಲೆ ಬೆರಳು ಆಡಿಸಿ, ಆಮೇಲೆ ಲೂಪ್‌ನಲ್ಲಿ ನೋಡಿ. ಟಂಕಸಾಲೆಯ ಗೀರುಗಳು ನಾಣ್ಯದ ಸುತ್ತ ಒಂದೇ ಅಂತರದಲ್ಲಿ, ನೆಟ್ಟಗೆ ನಿಂತಿರುತ್ತವೆ. ಅರದಿಂದ ಎಳೆದ ಗೀರುಗಳು ಅಲ್ಲಲ್ಲಿ ವಾಲುತ್ತವೆ, ಒಂದು ಆಳ, ಒಂದು ಮೇಲೆ. ಬೆಸುಗೆ ಹಾಕುವಾಗ ಬಿದ್ದ ಬಿಸಿಗೆ ಆ ಭಾಗದ ಬಣ್ಣ ಉಳಿದ ನಾಣ್ಯಕ್ಕಿಂತ ಬೇರೆಯಾಗಿರುತ್ತದೆ, ಒಮ್ಮೊಮ್ಮೆ ಅಕ್ಷರಗಳ ಸಂದಿಯಲ್ಲಿ ಬೆಸುಗೆಯ ಹನಿಯೊಂದು ಉಳಿದುಬಿಟ್ಟಿರುತ್ತದೆ. ತೂತು ಮುಚ್ಚಿದ್ದಾದರೆ ಓರೆ ಬೆಳಕಲ್ಲಿ ಒಂದು ಮಸುಕು ವೃತ್ತ ಕಾಣುತ್ತದೆ, ತಟ್ಟಿದರೆ ನಾದ ಮೊಟಕಾಗುತ್ತದೆ. ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ವಿನ್ಯಾಸ ಮೊಂಡಾಗಿದ್ದರೆ ಅಲ್ಲಿ ಏನೋ ಆಗಿದೆ ಎಂದೇ ಅರ್ಥ.

ಕೊಂಡಿ ಹಾಕಿಸಿದ ಅಜ್ಜಿ ಯಾರಿಗೂ ಮೋಸ ಮಾಡಲಿಲ್ಲ. ನಾಣ್ಯ ತೊಳೆಯುವವರೂ ಬಹಳ ಸಲ ಹಾಗೆಯೇ. ಎಷ್ಟು ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಯ ಲಕ್ಷ್ಮಿ ಪೂಜೆಗೆ ಬೆಳ್ಳಿ ರೂಪಾಯಿಗಳನ್ನು ಹೊರಗೆ ತೆಗೆದು, ಹುಣಸೆಹಣ್ಣಿನಲ್ಲೋ ಹಲ್ಲುಜ್ಜುವ ಪೇಸ್ಟಿನಲ್ಲೋ ತಿಕ್ಕಿ ಫಳಫಳ ಮಾಡಿ, ಅರಿಶಿನ ಕುಂಕುಮ ಹಚ್ಚಿ ಇಡುತ್ತಾರೆ! ಭಕ್ತಿಗೆ ಅದು ಸರಿ. ನಾಣ್ಯದ ಬೆಲೆಗೆ ಮಾತ್ರ ಪೆಟ್ಟು, ಅದೂ ವರ್ಷಕ್ಕೊಂದು ಪೆಟ್ಟು.

ಯಾಕೆ ಅಂತ ತಿಳಿಯಬೇಕಾದರೆ ಹೊಸ ನಾಣ್ಯದ ಹೊಳಪು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿರಬೇಕು. ಅಚ್ಚು ಭಾರಿ ಒತ್ತಡದಲ್ಲಿ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಆದರೆ ಸಾವಿರಾರು ಇರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು, ನಾಣ್ಯ ವಾಲಿಸಿದಾಗ ಹೊಳಪಿನ ಪಟ್ಟೆಯೊಂದು ಸುತ್ತ ತಿರುಗುತ್ತದೆ, ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ಆಡಿಸಿದಾಗ ಮಿನುಗು ಸರಿದಾಡುವ ಹಾಗೆ. ಇದೇ ಲಸ್ಟರ್. ತಿಕ್ಕಿದರೆ ಈ ಗೆರೆಗಳು ಸವೆದುಹೋಗುತ್ತವೆ, ಮತ್ತೆ ಎಂದೂ ಬರುವುದಿಲ್ಲ. ತಿಕ್ಕಿದ ನಾಣ್ಯವೂ ಹೊಳೆಯುತ್ತದೆ ನಿಜ, ಆದರೆ ಆ ಹೊಳಪು ತಿರುಗುವುದಿಲ್ಲ, ಸುಮ್ನೆ ಚಮಚದ ಹೊಳಪಾಗಿ ನಿಂತುಬಿಡುತ್ತದೆ. ಲೂಪ್ ಹಿಡಿದರೆ ಒಂದೇ ದಿಕ್ಕಿಗೆ ಓಡುವ ಕೂದಲೆಳೆ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಮಾತ್ರ ಬಟ್ಟೆಗೆ ಸಿಗದೆ ಉಳಿದ ಕಪ್ಪು. ಆಸಿಡ್ ದ್ರಾವಣದಲ್ಲಿ ಅದ್ದಿ ತೆಗೆದದ್ದಾದರೆ ಗೀರೂ ಇರುವುದಿಲ್ಲ. ನಾಣ್ಯ ಪೂರ್ತಿ ಸುಣ್ಣ ಬಳಿದಂತೆ ಬಿಳಿ, ಜೀವ ಇಲ್ಲದ ಬಿಳಿ. ದಯವಿಟ್ಟು ಹಳೇ ನಾಣ್ಯ ತೊಳೆಯಬೇಡಿ. ಕಪ್ಪಾಗಿದ್ದರೂ ಪರವಾಗಿಲ್ಲ, ಕಪ್ಪೇ ಅದರ ಚರ್ಮ.

ತೊಳೆದದ್ದು ಗೊತ್ತಾಗಬಾರದು ಎಂದು ಮತ್ತೆ ಬಣ್ಣ ಕಟ್ಟುವುದು ಮುಂದಿನ ಹೆಜ್ಜೆ. ಗಂಧಕದ ಹೊಗೆ, ಮೊಟ್ಟೆಯ ಹಳದಿ ಭಾಗ, ಬಿಸಿ, ಹೀಗೆ ಏನೇನೋ. ಬೆಳ್ಳಿ ಗಂಧಕದ ಜೊತೆ ಸೇರಿ ಕಪ್ಪಾಗುವುದೇ ನೈಸರ್ಗಿಕವಾಗಿ ನಡೆಯುವುದೂ ಕೂಡ, ಅದಕ್ಕೇ ಇದನ್ನು ಹಿಡಿಯುವುದು ಕಷ್ಟ. ವ್ಯತ್ಯಾಸ ಇರುವುದು ಅವಧಿಯಲ್ಲಿ. ಹತ್ತಾರು ವರ್ಷ ಡಬ್ಬಿಯಲ್ಲೋ ಕಾಗದದ ಪೊಟ್ಟಣದಲ್ಲೋ ಕೂತ ನಾಣ್ಯಕ್ಕೆ ಬಣ್ಣ ಅಂಚಿನಿಂದ ಒಳಗೆ ನಿಧಾನ ಇಳಿದು ಬರುತ್ತದೆ, ತೆಳು ಹಳದಿಯಿಂದ ಕಂದು, ನೀಲಿ ಅಂತ ಮೆಟ್ಟಿಲು ಮೆಟ್ಟಿಲಾಗಿ. ಅದರ ಕೆಳಗೆ ಲಸ್ಟರ್ ಇನ್ನೂ ತಿರುಗುತ್ತಿರುತ್ತದೆ. ಒಂದು ರಾತ್ರಿಯಲ್ಲಿ ಕಟ್ಟಿದ ಬಣ್ಣಕ್ಕೆ ಮೆಟ್ಟಿಲುಗಳಿಲ್ಲ, ನೇರಳೆಯೋ ಕಡುನೀಲಿಯೋ ಒಮ್ಮೆಲೇ ಶುರುವಾಗುತ್ತದೆ, ತಿಕ್ಕಿದ ಗೀರುಗಳ ಒಳಗೂ ಇಳಿದಿರುತ್ತದೆ. ಗೀರು ಮೊದಲು, ಬಣ್ಣ ಆಮೇಲೆ ಎಂದರ್ಥ. ಈ ಕಲೆ ಹೊಸದೇನಲ್ಲ. 1830ರಲ್ಲಿ ತೀರಿಕೊಂಡ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಎಂಬ ಕುಖ್ಯಾತ ನಕಲಿಗಾರ ತಾನು ಮಾಡಿದ ಗ್ರೀಕ್, ರೋಮನ್ ನಾಣ್ಯಗಳನ್ನು ಜಿಡ್ಡು ಮತ್ತು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಕುದುರೆಗಾಡಿಗೆ ಕಟ್ಟಿ ಓಡಾಡಿಸಿ ಹಳತು ಮಾಡುತ್ತಿದ್ದ ಎಂಬ ಕಥೆಯಿದೆ.

ಟಿಪ್ಪು ಸುಲ್ತಾನನ ತಾಮ್ರದ ಆನೆ ನಾಣ್ಯಗಳು ಎಲ್ಲರಿಗೂ ಬೇಕು, ನಮ್ಮ ಕಡೆಯಂತೂ ಕೇಳುವುದೇ ಬೇಡ. ಶ್ರೀರಂಗಪಟ್ಟಣ, ನಗರ (ಬಿದನೂರು) ಹೀಗೆ ಹಲವು ಟಂಕಸಾಲೆಗಳಲ್ಲಿ ಹೊಡೆದವು. ಬಹಳಷ್ಟು ಸವೆದಿರುತ್ತವೆ. ಸವೆದ ಆನೆಗೆ ಸೂಜಿಯಂಥ ಉಳಿಯಿಂದ ಮತ್ತೆ ಕಣ್ಣು, ದಂತ, ಬಾವುಟದ ಗೆರೆ ಕೊರೆದು 'ಸೂಪರ್ ಕಂಡೀಷನ್' ಎಂದು ಮಾರುತ್ತಾರೆ. ಇಲ್ಲಿ ನೋಡಬೇಕಾದ್ದು ಸವೆತದ ನ್ಯಾಯ. ನಾಣ್ಯದಲ್ಲಿ ಎತ್ತರದ ಜಾಗ ಮೊದಲು ಸವೆಯುತ್ತದೆ, ತಗ್ಗು ಕೊನೆಗೆ. ಆನೆಯ ಹೊಟ್ಟೆ ಚಪ್ಪಟೆಯಾಗಿ, ಅದರ ಮೇಲಿನ ಗೆರೆ ಮಾತ್ರ ಚೂಪಾಗಿದ್ದರೆ ಅದು ನಡೆಯುವ ಮಾತಲ್ಲ. ಅಚ್ಚಿನ ಗೆರೆಗೆ ಮೈ ದುಂಡಗಿರುತ್ತದೆ, ಉಳಿಯ ಗೆರೆ ಚರಂಡಿಯಂತೆ ಕೊರೆದು ಪಕ್ಕದಲ್ಲಿ ಲೋಹ ಎದ್ದಿರುತ್ತದೆ. ಇಸವಿಯನ್ನೂ ನೋಡಿ. ಟಿಪ್ಪು ತನ್ನ ಆಳ್ವಿಕೆಯ ಐದನೇ ವರ್ಷದಿಂದ ಮೌಲೂದಿ ಎಂಬ ಹೊಸ ಶಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಆ ಶಕೆಯಲ್ಲಿ ನಾಣ್ಯದ ಮೇಲೆ ಬಂದ ಮೊದಲ ಇಸವಿ 1215. ಈ ಕ್ರಮ ಗೊತ್ತಿಲ್ಲದ ನಕಲಿಗಾರರು ಎಡದಿಂದ ಬಲಕ್ಕೆ ಕೊರೆದುಬಿಡುತ್ತಾರೆ.

ಚಿನ್ನದ ಬಗ್ಗೆ ಒಂದೇ ಮಾತು. ವಿಜಯನಗರದ ವರಾಹ ಸುಮಾರು 3.4 ಗ್ರಾಂ, ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಕಂಠೀರವ ಹಣ ಅರ್ಧ ಗ್ರಾಂಗೂ ಕಡಿಮೆ. ಇಷ್ಟು ಚಿಕ್ಕ ನಾಣ್ಯಗಳಲ್ಲಿ ಚಿನ್ನದ ಬೆಲೆಗಿಂತ ಸಂಗ್ರಹದ ಬೆಲೆಯೇ ಹೆಚ್ಚಾದಾಗ, ನಕಲಿಗಾರ ನಿಜವಾದ ಚಿನ್ನದಲ್ಲೇ ನಕಲಿ ಮಾಡುತ್ತಾನೆ. ಹಾಗಾಗಿ ಒರೆಗಲ್ಲು 'ಇದು ಚಿನ್ನ' ಎಂದು ಹೇಳಬಹುದು, 'ಇದು ಕಂಠೀರವ ಹಣ' ಎಂದು ಹೇಳಲು ಒರೆಗಲ್ಲಿಗೆ ಆಗುವುದಿಲ್ಲ. ಹಂಪಿಯಲ್ಲೋ ಶ್ರೀರಂಗಪಟ್ಟಣದಲ್ಲೋ 'ಹೊಲ ಉಳುವಾಗ ಸಿಕ್ಕಿತು' ಎಂದು ಮೆಲುದನಿಯಲ್ಲಿ ಹೇಳಿ ತೋರಿಸುವವರಿಂದ ದೂರ ಇರಿ. ಅದು ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ನಿಧಿ ಕಾನೂನಿನ ತೊಡಕು.

ಎರರ್ ನಾಣ್ಯಗಳ, ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯಗಳ ಸಂತೆಯಲ್ಲಿ ತಿದ್ದಿದ್ದೇ ಜಾಸ್ತಿ. ಎರಡೂ ಬದಿ ತಲೆಯಿರುವ ನಾಣ್ಯ ಬಹುಪಾಲು ಎರಡು ನಾಣ್ಯಗಳನ್ನು ಟೊಳ್ಳು ಮಾಡಿ ಒಂದರೊಳಗೊಂದು ಕೂರಿಸಿದ್ದು, ಅಂಚಿನ ಒಳಗೆ ಸುತ್ತಲೂ ಸೇರುಗೆರೆ ಸಿಗುತ್ತದೆ. 10 ರೂಪಾಯಿಯ ಎರಡು ಲೋಹದ ನಾಣ್ಯದ ನಡುವಿನ ಬಿಲ್ಲೆ ಹೊಡೆದು ತೆಗೆದು 'ಎರರ್' ಎನ್ನುತ್ತಾರೆ, ಬಿಲ್ಲೆ ಬಿಟ್ಟುಹೋದ ಒಳಅಂಚಿನಲ್ಲಿ ಅಚ್ಚಿನ ಪೆಟ್ಟಿಗೆ ಲೋಹ ಒಳಕ್ಕೆ ಒತ್ತಿಕೊಂಡ ಗುರುತು ಉಳಿದೇ ಇರುತ್ತದೆ. ಚಾಲ್ತಿ ನಾಣ್ಯ ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ ಬೇರೆ. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇರುವುದು ಅಂಚು ಕತ್ತರಿಸಿದಂಥ 'ಕ್ಲಿಪ್' ನಾಣ್ಯಕ್ಕೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗಲೇ ಒಂದು ಕಡೆ ಕೊರತೆಯಾಗಿದ್ದರೆ, ಆಮೇಲೆ ಬಿಲ್ಲೆಯ ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಕೊರತೆಯ ಕಡೆ ಒತ್ತು ಸಿಗುವುದಿಲ್ಲ, ಹಾಗಾಗಿ ಅದರ ನೇರ ಎದುರು ಬದಿಗೂ ಒತ್ತು ಬೀಳುವುದಿಲ್ಲ. ಪರಿಣಾಮ, ಕ್ಲಿಪ್‌ನ ಎದುರಿನ ಅಂಚು ಸಪ್ಪೆಯಾಗಿರುತ್ತದೆ. ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ಆಮೇಲೆ ಕತ್ತರಿಯಿಂದ ಕತ್ತರಿಸಿದವನಿಗೆ ಎದುರಿನ ಅಂಚನ್ನು ಸಪ್ಪೆ ಮಾಡಬೇಕು ಎಂದು ಹೊಳೆಯುವುದೇ ಇಲ್ಲ. ಎಲ್ಲ ಅಸಲಿ ಕ್ಲಿಪ್‌ಗಳಲ್ಲೂ ಇದು ಕಾಣುತ್ತದೆ ಎಂದಲ್ಲ, ಕಂಡರೆ ಮಾತ್ರ ಒಳ್ಳೆ ಸಾಕ್ಷಿ.

ನೋಟುಗಳದ್ದು ಬೇರೆಯೇ ಲೋಕ. ಒಂದೇ ಒಂದು ಉಪಾಯ ಹೇಳಿ ಮುಂದೆ ಹೋಗುತ್ತೇನೆ. ಮಡಿಕೆ ಬಿದ್ದ ಹಳೇ ನೋಟನ್ನು ಬಟ್ಟೆ ಸೋಪಿನ ನೀರಲ್ಲಿ ತೊಳೆದು ಇಸ್ತ್ರಿ ಮಾಡಿ ಹೊಸದಂತೆ ಮಾರುವುದುಂಟು. ಬಟ್ಟೆ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ, ಅಂಗಡಿಯವರು ನೋಟು ನೋಡುವ ನೇರಳಾತೀತ ದೀಪದ ಕೆಳಗೆ ಅದು ನೀಲಿಯಾಗಿ ಮಿನುಗುತ್ತದೆ. ತೊಳೆಯದ ನೋಟಿನ ಕಾಗದ ಮಂಕಾಗಿಯೇ ಇರುತ್ತದೆ.

ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ, ರಾಮ ಸೀತೆ ಲಕ್ಷ್ಮಣರ ಚಿತ್ರ ಇರುವ ತಾಮ್ರದ ಬಿಲ್ಲೆಗಳನ್ನು ಕೋಟಿ ಬೆಲೆಯೆಂದು, ಅಕ್ಕಿ ಕಾಳನ್ನು ತಮ್ಮತ್ತ ಎಳೆಯುವ ಶಕ್ತಿ ಅವಕ್ಕಿದೆಯೆಂದು ನಂಬಿಸುವವರು ಈಗಲೂ ಇದ್ದಾರೆ. ಕಂಪನಿ ಅಂಥ ನಾಣ್ಯ ಮಾಡಿಯೇ ಇಲ್ಲ, ಅವು ಯಾರೋ ಮಾರಾಟಕ್ಕೆಂದೇ ಮಾಡಿದ ಟೋಕನ್‌ಗಳು. ಹಾಗೆಯೇ 'ನಿಮ್ಮ 5 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ' ಎನ್ನುವ ಕರೆಗಳು. ರಿಸರ್ವ್ ಬ್ಯಾಂಕ್ ಹೆಸರಲ್ಲೇ ಇದು ನಡೆಯುತ್ತಿದ್ದರಿಂದ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತು: ಹಳೇ ನೋಟು ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಗ್ರೇಡಿಂಗ್ ಮಾಡಿಸಿದ ನಾಣ್ಯ ತಗೊಂಡರೆ ಆಯಿತಲ್ವಾ ಎಂದು ಕೇಳಬಹುದು. ಅಮೆರಿಕದಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು, ಎರಡೂ ನಾಣ್ಯ ಗ್ರೇಡಿಂಗ್ ಸಂಸ್ಥೆಗಳು. ನಾಣ್ಯವನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರೆ. ತೊಳೆದದ್ದು, ಕೆತ್ತಿದ್ದು, ಒಡವೆಯಿಂದ ತೆಗೆದದ್ದು ಎಂದು ಗೊತ್ತಾದರೆ ಅಂಕ ಕೊಡದೆ 'ಡೀಟೇಲ್ಸ್' ಎಂದು ಬರೆದು ಕಾರಣ ಹಾಕುತ್ತಾರೆ. ಒಳ್ಳೆಯ ವ್ಯವಸ್ಥೆ, ನಾನು ಅದರ ಪರವೇ. ಆದರೆ ಎರಡು ತೊಡಕಿವೆ. ಡಬ್ಬಿಯನ್ನೇ ನಕಲು ಮಾಡುವವರು ಬಂದಿದ್ದಾರೆ, ಹಾಗಾಗಿ ಚೀಟಿಯ ಮೇಲಿನ ನಂಬರನ್ನು ಆ ಸಂಸ್ಥೆಯ ತಾಣದಲ್ಲಿ ಹಾಕಿ, ಅಲ್ಲಿನ ಫೋಟೋದಲ್ಲಿರುವ ನಾಣ್ಯವೇ ಇದಾ ಎಂದು ಗೀರು ಗೀರು ಹೋಲಿಸಬೇಕು. ಎರಡನೆಯದು, 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಮ್ಮ ಹತ್ತಿರ ಇರುವ ವಿಕ್ಟೋರಿಯಾ, ಟಿಪ್ಪು, ವಿಜಯನಗರ ಎಲ್ಲವೂ ಆ ಲೆಕ್ಕಕ್ಕೇ ಬರುತ್ತವೆ. ಕೊನೆಗೆ ಉಳಿಯುವುದು ನಮ್ಮ ಕಣ್ಣು, ಇನ್ನೊಬ್ಬ ಬಲ್ಲವರ ಕಣ್ಣು, ಮತ್ತೆ ಮಾರುವವರ ಮೇಲಿನ ನಂಬಿಕೆ.

ಈ ನಂಬಿಕೆ ಅನ್ನುವುದನ್ನು ಬಹಳ ಜನ ತಪ್ಪಾಗಿ ಅಳೆಯುತ್ತಾರೆ. 'ಅವರು ತುಂಬಾ ಒಳ್ಳೆಯವರು, ಸುಳ್ಳು ಹೇಳೋರಲ್ಲ.' ಇರಬಹುದು. ಆದರೆ ತಿದ್ದಿದ ನಾಣ್ಯ ಕೈಯಿಂದ ಕೈಗೆ ಹೋಗುತ್ತದೆ. 8ನ್ನು 9 ಮಾಡಿದವನಿಗೆ ಸತ್ಯ ಗೊತ್ತು. ಅವನಿಂದ ಕೊಂಡವನಿಗೆ ಅನುಮಾನ ಇದ್ದಿರಬಹುದು. ಮೂರನೆಯವನು ಪೂರ್ತಿ ನಂಬಿ ಕೊಂಡ, ನಂಬಿಯೇ ಮಾರುತ್ತಾನೆ. ಅವನ ಮುಖ ನೋಡಿದರೆ ಸುಳ್ಳಿನ ಸುಳಿವೇ ಸಿಗುವುದಿಲ್ಲ, ಯಾಕೆಂದರೆ ಅವನು ಸುಳ್ಳು ಹೇಳುತ್ತಲೇ ಇಲ್ಲ. ಹಾಗಾಗಿ ನಾನು ಮಾರುವವರಲ್ಲಿ ನೋಡುವ ಗುಣ ಬೇರೆ: ನಾಳೆ ಇದು ತಿದ್ದಿದ್ದು ಎಂದು ಗೊತ್ತಾದರೆ ವಾಪಸ್ ತಗೊಂಡು ದುಡ್ಡು ಕೊಡುತ್ತಾರಾ? ಅದನ್ನು ಬಿಲ್‌ನಲ್ಲಿ ಬರೆದು ಕೊಡುತ್ತಾರಾ? ನಾಣ್ಯದ ಹೆಸರು, ಇಸವಿ, ಟಂಕಸಾಲೆ, ತೂಕ, ಫೋಟೋ, 'ಅಸಲಿಯಲ್ಲದಿದ್ದರೆ ಅಥವಾ ತಿದ್ದಿದ್ದಾದರೆ ಹಿಂತಿರುಗಿಸಬಹುದು' ಎಂಬ ಒಂದು ಸಾಲು. ಇಷ್ಟು ಕೇಳಿದರೆ ಮುಖ ಸಿಂಡರಿಸುವವರ ಹತ್ತಿರ ಅಗ್ಗದ್ದನ್ನು ಬೇಕಾದರೆ ಕೊಳ್ಳಿ, ದುಬಾರಿಯದ್ದು ಬೇಡ.

ನೇರವಾಗಿ ಕೇಳುವುದಕ್ಕೂ ಹಿಂಜರಿಯಬೇಡಿ. ಬೆಂಗಳೂರಿನ ನಾಣ್ಯ ಮೇಳಗಳಲ್ಲಿ ಈ ಮಾತು ಎಷ್ಟು ಸಹಜವಾಗಿ ನಡೆಯುತ್ತದೆ ನೋಡಿ.

"ಸಾರ್, ಇದಕ್ಕೆ ಕೊಂಡಿ ಇತ್ತಾ?"

"ಇತ್ತು ಕಣಪ್ಪ, ತೆಗೆಸಿದ್ದು. ಅದಕ್ಕೇ ಈ ರೇಟು. ಇಲ್ಲಾಂದ್ರೆ ಇದರ ಮೂರು ಪಟ್ಟು ಹೇಳ್ತಿದ್ದೆ."

ಇಂಥವರ ಹತ್ತಿರ ಧೈರ್ಯವಾಗಿ ವ್ಯಾಪಾರ ಮಾಡಬಹುದು. ಕೊಂಡಿ ತೆಗೆದ ರೂಪಾಯಿಯನ್ನು ಕೊಂಡಿ ತೆಗೆದ ರೂಪಾಯಿಯ ಬೆಲೆಗೆ ಕೊಂಡರೆ ಅದರಲ್ಲಿ ಮೋಸ ಎಲ್ಲಿ ಬಂತು? ತಿದ್ದಿದ್ದನ್ನು ಹೇಳದೆ ಇರುವುದು ಮೋಸ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೋ ನೋಡಿ ಕೊಳ್ಳುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ನೇರ ಮೇಲಿನಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ತಿಕ್ಕಿದ ಗೀರು, ಉಜ್ಜಿದ ತಗ್ಗು ಯಾವುದೂ ಕಾಣುವುದಿಲ್ಲ. ಕಿಟಕಿಯ ಬೆಳಕಲ್ಲಿ ನಾಣ್ಯವನ್ನು ನಿಧಾನ ವಾಲಿಸುತ್ತಾ ತೆಗೆದ ಸಣ್ಣ ವಿಡಿಯೋ ಕೇಳಿ, ಅಂಚಿನದ್ದೂ ಬೇಕು ಅನ್ನಿ, ತಕ್ಕಡಿಯ ಮೇಲಿಟ್ಟದ್ದೂ ಬೇಕು ಅನ್ನಿ. 'ಬೇಗ ಹೇಳಿ, ಇನ್ನಿಬ್ಬರು ಕಾಯ್ತಿದಾರೆ' ಎನ್ನುವವರಿಗೆ, ಆ ಇಬ್ಬರಿಗೇ ಕೊಡಿ ಎಂದು ಹೇಳಿ ಸುಮ್ಮನಾಗಿ.

ಕಣ್ಣು ಪಳಗಬೇಕಾದರೆ ಅಸಲಿ ನಾಣ್ಯಗಳನ್ನು ನೋಡಬೇಕು, ಬೇರೆ ದಾರಿಯಿಲ್ಲ. ನಕಲಿ ನೂರು ಥರ ಇರುತ್ತದೆ, ಅಸಲಿಗೆ ಒಂದೇ ಮುಖ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸಂಸ್ಥಾಪಕರ ಮನೆಯಲ್ಲೇ ಮಾಡಿದ ನಾಣ್ಯ ಸಂಗ್ರಹಾಲಯದಂಥ ಜಾಗಗಳಿಗೆ ಹೋದಾಗ ಬೇಗ ಬೇಗ ದಾಟಿಹೋಗದೆ ಒಂದೇ ಗಾಜಿನ ಮುಂದೆ ನಿಂತು ಅಕ್ಷರದ ಮೈಕಟ್ಟು, ಅಂಚು, ಸವೆತ ನೋಡಿ. ಮೇಳಗಳಲ್ಲಿ ಕೊಳ್ಳದಿದ್ದರೂ ಪರವಾಗಿಲ್ಲ, ಅನುಮತಿ ಕೇಳಿ ಅಂಚು ಹಿಡಿದು ಕೈಗೆತ್ತಿಕೊಂಡು ನೋಡಿ. ಮನೆಯಲ್ಲಿರುವ ಮಾಮೂಲಿ 1918, 1919ರ ರೂಪಾಯಿಗಳೂ ಒಳ್ಳೆ ಪಾಠವೇ, ಅವು ಅಗ್ಗ, ಹಾಗಾಗಿ ಅವನ್ನು ತಿದ್ದಲು ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು ಮಾತು, ಇದನ್ನು ನಾನು ಪರಿಚಯದವರಿಗೆಲ್ಲ ಹೇಳುತ್ತಿರುತ್ತೇನೆ. ನಿಮ್ಮ ಸಂಗ್ರಹದಲ್ಲಿ ತಿದ್ದಿದ ನಾಣ್ಯ ಒಂದು ಸಿಕ್ಕಿಬಿದ್ದರೆ, ಕೊಟ್ಟವರಿಗೆ ವಾಪಸ್ ಮಾಡಲು ಆಗದಿದ್ದರೆ, ದಯವಿಟ್ಟು ಅದನ್ನು ಸದ್ದಿಲ್ಲದೆ ಇನ್ನೊಬ್ಬರಿಗೆ ದಾಟಿಸಬೇಡಿ. ಎಸೆಯುವುದೂ ಬೇಡ, ಹೊಸಬರಿಗೆ ತೋರಿಸಲು ಅದಕ್ಕಿಂತ ಒಳ್ಳೆ ಮಾದರಿ ಸಿಗುವುದಿಲ್ಲ. ಅದನ್ನಿಟ್ಟ ರಟ್ಟಿನ ಹೋಲ್ಡರ್ ಮೇಲೆ ಅಳಿಸದ ಪೆನ್ನಿನಿಂದ '1938, ಇಸವಿ ತಿದ್ದಿದ್ದು' ಎಂದು ಬರೆದಿಡಿ. ಹೋಲ್ಡರ್ ಬದಲಾಗಬಹುದು, ಆದ್ದರಿಂದ ಸಂಗ್ರಹದ ಪಟ್ಟಿ ಪುಸ್ತಕದಲ್ಲೂ ಫೋಟೋ ಸಮೇತ ಬರೆಯಿರಿ, ಮನೆಯಲ್ಲಿ ಒಬ್ಬರಿಗಾದರೂ ಆ ಪುಸ್ತಕ ಎಲ್ಲಿದೆ ಎಂದು ಹೇಳಿರಿ. ಮುಂದೆ ಆ ಡಬ್ಬಿಯನ್ನು ಮಾರಲು ಕೂರುವವರು ನಿಮ್ಮ ಮಕ್ಕಳೇ ಆಗಿರಬಹುದು, ಅವರಿಗೆ 8 ಯಾವುದು 9 ಯಾವುದು ಎಂದು ನೋಡುವ ಅಭ್ಯಾಸ ಇರಲೇಬೇಕೆಂದಿಲ್ಲ.